ಭೀಮೆಯಲ್ಲಿಲ್ಲದ ತೊರಕೆ, ಕಲಬುರಗಿಯ ಗಾಜಿನ ತೊಟ್ಟಿಯಲ್ಲಿ

ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನಿಗೂ ಕಲಬುರಗಿಗೂ ಎತ್ತಣಿಂದೆತ್ತ ಸಂಬಂಧ? ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಭೀಮೆ, ಕಾಗಿಣಾ, ಬೆಣ್ಣೆತೊರಾ ಯಾವ ಹೊಳೆಯಲ್ಲೂ ತೊರಕೆ ಇಲ್ಲ. ಆದರೂ ಅಕ್ವೇರಿಯಂ ವ್ಯಾಪಾರದಲ್ಲಿ ‘ಸ್ಟಿಂಗ್‌ರೇ’ ಎಂದು ಮಾರುವ ಮೀನು ದೊಡ್ಡ ನಗರಗಳಿಂದ ಒಳನಾಡಿನ ಹವ್ಯಾಸಿಗಳ ಕೈಗೂ ಬರುತ್ತಿದೆ. ಅದರಲ್ಲಿ ಹೆಚ್ಚು ಕಾಣುವುದು ಕಂದು ಮೈಮೇಲೆ ಕಪ್ಪು ಅಂಚಿನ ಕಿತ್ತಳೆ ಚುಕ್ಕೆಗಳಿರುವ ಪೊಟಮೊಟ್ರೈಗಾನ್ ಮೊಟೊರೊ. ಇದು ಕಡಲ ಮೀನಲ್ಲ, ದಕ್ಷಿಣ ಅಮೆರಿಕದ ನದಿಗಳದ್ದು. ಸಾಕುವವರಲ್ಲಿ ಹಲವರು ಎಡವುವುದು ಮೀನಿನ ವಿಷಯದಲ್ಲಲ್ಲ, ನೀರಿನ ವಿಷಯದಲ್ಲಿ. ನಮ್ಮ ಕಡೆಯ ನೀರಿನಲ್ಲಂತೂ ಇನ್ನೂ ಬೇಗ.

ನದಿಯಲ್ಲಿ ತೊರಕೆ ಎಂಬುದು ಭಾರತಕ್ಕೆ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಸಮೀಕ್ಷೆಗೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮುಂದೆ ಗಂಗೆಯ ಮೀನುಗಳನ್ನು ದಾಖಲಿಸಿ 1822ರಲ್ಲಿ ಪ್ರಕಟಿಸಿದ. ಅದರಲ್ಲಿ ಗಂಗೆಯ ತೊರಕೆಗೆ ‘ಫ್ಲುವಿಯಾಟಿಲಿಸ್’, ಅಂದರೆ ಹೊಳೆಯದ್ದು, ಎಂಬ ಹೆಸರು ಕೊಟ್ಟ. 2001ರಲ್ಲಿ ಕೇಂದ್ರ ಸರ್ಕಾರ ಅದೇ ಹೆಸರನ್ನು ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿಗೆ ಸೇರಿಸಿತು. ವಿಚಿತ್ರವೆಂದರೆ ಅದು ಬೇರೆಯೇ ಜಾತಿಯೋ, ಕಡಲಿನಿಂದ ನದಿಗೆ ನುಗ್ಗುವ ‘ಪಾಸ್ಟಿನಾಕಸ್ ಸೆಫೆನ್’ ಎಂಬ ತೊರಕೆಯೋ ಎಂದು ಮೀನುತಜ್ಞರು ಇಂದಿಗೂ ಅನುಮಾನಿಸುತ್ತಾರೆ. ಗುರುತೇ ಗಟ್ಟಿಯಿಲ್ಲದ ಮೀನಿಗೆ ಹುಲಿಗೆ ಸಿಕ್ಕಷ್ಟೇ ರಕ್ಷಣೆ!

ಗಂಗೆಗೆ ನುಗ್ಗುವಂತೆ ಭೀಮೆಗೆ ಯಾಕೆ ಬರಬಾರದು ಎಂದರೆ, ಕೃಷ್ಣೆ ಕಡಲು ಸೇರುವಲ್ಲಿಂದ ಹೊರಟ ಮೀನು ಮೊದಲು ವಿಜಯವಾಡದ ಬ್ಯಾರೇಜ್ ದಾಟಬೇಕು. ಅಲ್ಲಿ 1855ರಿಂದಲೇ ಅಡ್ಡಕಟ್ಟು ಇದೆ. ಆಮೇಲೆ ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ. ಅವನ್ನೆಲ್ಲ ದಾಟಿ ಭೀಮೆಗೆ ತಿರುಗಿದರೂ ಸಿಗುವುದು ಬ್ಯಾರೇಜಿನಿಂದ ಬ್ಯಾರೇಜಿಗೆ ತುಂಡಾದ, ಬೇಸಿಗೆಯಲ್ಲಿ ಮಡುವು ಮಾತ್ರ ಉಳಿಯುವ, ಮರಳು ಎತ್ತಿ ಬಂಡೆ ಕಾಣುವ ಹೊಳೆ. ತೊರಕೆಗೆ ಮೈ ಹುದುಗಿಸಲು ಮೆತ್ತನೆಯ ತಳ ಬೇಕೇ ಬೇಕು.

ಮೊಟೊರೊ ಜಾತಿಯನ್ನು 1841ರಲ್ಲಿ ಜರ್ಮನಿಯ ಮ್ಯುಲ್ಲರ್ ಮತ್ತು ಹೆನ್ಲೆ ವಿವರಿಸಿದರು. ಮಾದರಿ ಸಿಕ್ಕಿದ್ದು ಬ್ರೆಜಿಲ್‌ನ ಕುಯಾಬಾ ನದಿಯಲ್ಲಿ. ಅಮೆಜಾನ್, ಒರಿನೊಕೊ, ಪರಾನಾ–ಪರಾಗ್ವೆ ಮೂರೂ ಕೊಳ್ಳಗಳಲ್ಲಿ ಇದಿದೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲು ಆ ಖಂಡದ ಒಳಗೆ ನುಗ್ಗಿ ಹಿಂದೆ ಸರಿದಾಗ ಇದರ ಪೂರ್ವಜರು ಸಿಹಿನೀರಿನಲ್ಲಿ ಉಳಿದರು ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಉಳಿದವುಗಳ ದೇಹ ಎಷ್ಟು ಬದಲಾಯಿತೆಂದರೆ ವಾಪಸ್ ಹೋಗುವ ದಾರಿಯೇ ಮುಚ್ಚಿತು. ಕಡಲ ತೊರಕೆ ಉಪ್ಪುನೀರಿಗೆ ಸಮನಾಗಿ ನಿಲ್ಲಲು ರಕ್ತದಲ್ಲಿ ಯೂರಿಯಾ ತುಂಬಿಕೊಂಡಿರುತ್ತದೆ, ಲೀಟರಿಗೆ ಸುಮಾರು 350ರಿಂದ 400 ಮಿಲಿಮೋಲ್. ನದಿಯ ಈ ತೊರಕೆಗಳ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಎಂದು ಥಾರ್ಸನ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಉಪ್ಪುನೀರಿಗೆ ಹಾಕಿದರೂ ಯೂರಿಯಾ ಕೂಡಿಹಾಕಲು ಬರುವುದಿಲ್ಲ, ಉಪ್ಪು ಹೊರಹಾಕುವ ಗುದಗ್ರಂಥಿಯೂ ಸೊರಗಿದೆ. ಬೇರೆ ಮೀನಿಗೆ ರೋಗ ಬಂದಾಗ ಹಿಡಿ ಕಲ್ಲುಪ್ಪು ಹಾಕುವ ನಮ್ಮ ರೂಢಿ ಇದಕ್ಕೆ ಸಲ್ಲದಿರುವುದು ಇದೇ ಕಾರಣಕ್ಕೆ. ತಾಮ್ರ ಮತ್ತು ಫಾರ್ಮಾಲಿನ್ ಇರುವ ಔಷಧಿಗಳೂ ಬೇಡ.

ದೇಹರಚನೆ ಗೊತ್ತಿದ್ದರೆ ತೊಟ್ಟಿಯ ಅರ್ಧ ಲೆಕ್ಕ ತಾನೇ ಬಗೆಹರಿಯುತ್ತದೆ. ಮೂಳೆಯಿಲ್ಲ, ಎಲ್ಲ ಮೃದ್ವಸ್ಥಿ. ಬಾಯಿ ಹೊಟ್ಟೆಯ ಬದಿಗಿದೆ, ಮರಳಿನಲ್ಲಿ ಹುದುಗಿದಾಗ ಬಾಯಿಂದ ನೀರೆಳೆಯಲಾಗದು. ಕಣ್ಣಿನ ಹಿಂದೆಯೇ ಇರುವ ಎರಡು ರಂಧ್ರಗಳಿಂದ ನೀರೆಳೆದು ಕೆಳಗಿನ ಕಿವಿರುಸೀಳುಗಳಿಂದ ಬಿಡುತ್ತದೆ. ಆ ರಂಧ್ರಗಳ ಮುಚ್ಚುತೆರೆ ನಿಧಾನವಾಗಿ, ಒಂದೇ ಸಮನಾಗಿದ್ದರೆ ಮೀನು ನೆಮ್ಮದಿಯಾಗಿದೆ. ಏದುಸಿರಿನಂತೆ ಬಡಿಯತೊಡಗಿದರೆ ಅಮೋನಿಯಾ ಏರಿದೆ, ಇಲ್ಲವೇ ಆಮ್ಲಜನಕ ಇಳಿದಿದೆ. ತಟ್ಟೆಯಂಥ ಮೈಯ ಅಂಚು ಮೇಲಕ್ಕೆ ಸುರುಟಿಕೊಂಡರೆ ಉಳಿಯುವುದು ಕಷ್ಟ.

ಅಂಗೈಯಗಲದ ಮರಿ ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತದೆ. ಬೆಳೆದಾಗ ತಟ್ಟೆಯ ಅಗಲ 45–50 ಸೆಂಟಿಮೀಟರ್ ಆಗುವುದು ಸಾಮಾನ್ಯ, ಬಾಲ ಬೇರೆ. ತಿರುಗಲು ತೊಟ್ಟಿಯ ಅಡ್ಡಗಲ ಅದರ ಎರಡರಷ್ಟಾದರೂ ಇರಬೇಕು. 180 × 90 × 60 ಸೆಂಟಿಮೀಟರಿನ ತೊಟ್ಟಿ, ಸುಮಾರು 970 ಲೀಟರ್, ಒಂದು ಮೀನಿಗೆ ಕನಿಷ್ಠ. ಮನೆಗಳಲ್ಲಿರುವ ಮೂರಡಿ ತೊಟ್ಟಿ ಹಿಡಿಯುವುದು 120 ಲೀಟರ್ ಆಸುಪಾಸು, ಅಗಲ ಒಂದಡಿ. ಅದರಲ್ಲಿ ಬೆಳೆದ ತೊರಕೆ ಮಗ್ಗುಲು ಬದಲಿಸಲೂ ಆಗದು. ತಳಕ್ಕೆ ನುಣುಪಾದ ಸಣ್ಣ ಮರಳು ಎರಡು ಮೂರು ಸೆಂಟಿಮೀಟರ್ ಸಾಕು. ಎಂ-ಸ್ಯಾಂಡ್ ಹಾಕಬಾರದು, ಅದರ ಚೂಪು ಹರಳು ಹೊಟ್ಟೆ ಗೀರಿ ಹುಣ್ಣಾಗುತ್ತದೆ. ಹೀಟರ್ ಇದ್ದರೆ ಜಾಲರಿ ಕವಚ ಬೇಕು. ಇಲ್ಲದಿದ್ದರೆ ಅದರ ಮೇಲೆಯೇ ಮಲಗಿ ಸುಟ್ಟುಕೊಳ್ಳುತ್ತದೆ.

ಇನ್ನು ನೀರು. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ನೆಲದಡಿ ಇರುವುದು ಸುಣ್ಣಕಲ್ಲು. ಮೀನು ಹುಟ್ಟುವುದಕ್ಕೂ ಮುಂಚಿನ ಕಡಲಿನ ಕೆಸರು ಕಲ್ಲಾಗಿ ನಮಗೆ ಫರಸಿಯಾಗಿ, ಸಿಮೆಂಟಾಗಿ ಒದಗಿದೆ. ಅದರಲ್ಲಿ ತೊರಕೆಯ ಪಳೆಯುಳಿಕೆ ಹುಡುಕುವುದು ವ್ಯರ್ಥ. ಇಂದಿನ ತೊರಕೆಗೆ ಮಾತ್ರ ಅದು ತೊಡಕು. ಕಲ್ಲಿನ ಸಂದಿನಿಂದ ಬರುವ ಬೋರ್ ನೀರು ಗಡಸು, ಹಂಡೆಯ ಒಳಗೆ ಬಿಳಿ ಪದರ ಕಟ್ಟುವಂಥದ್ದು. ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್, ಅಂದರೆ ನೀರಿನ ಆಮ್ಲ–ಕ್ಷಾರದ ಅಳತೆ, ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಬಕೆಟ್‌ನಲ್ಲಿ ಏರ್ ಪಂಪ್ ಹಾಕಿ 24 ಗಂಟೆ ಬಿಟ್ಟು ಅಳೆದರೆ ನಿಜವಾದ ಅಂಕಿ ಸಿಗುತ್ತದೆ, ಅದು 8 ದಾಟಿದರೆ ಅಚ್ಚರಿಯಿಲ್ಲ.

ಪಿಎಚ್ ಮೇಲಿದ್ದರೆ ಏನು ನಷ್ಟ? ಮೀನಿನ ಹೊಲಸಿನಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ವಿಷ ಒಂದು ರೂಪ ಮಾತ್ರ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ 0.6ರಷ್ಟು, ಪಿಎಚ್ 8ಕ್ಕೆ ಶೇ 5ಕ್ಕೂ ಹೆಚ್ಚು. ನೀರು 30 ಡಿಗ್ರಿಗೆ ಏರಿದರೆ ಶೇ 7 ದಾಟುತ್ತದೆ. ಪರೀಕ್ಷೆಯ ಕಿಟ್ ತೋರಿಸುವ ಅದೇ ಅಂಕಿ ಬೇರೆ ಊರಿನಲ್ಲಿ ನಡೆದೀತು, ಇಲ್ಲಿ ಹತ್ತು ಪಟ್ಟು ವಿಷ. ತೊರಕೆ ಮಾಂಸಾಹಾರಿ, ತಿನ್ನುವುದೂ ಹೆಚ್ಚು ಹೊಲಸೂ ಹೆಚ್ಚು. ಹಾಗಾಗಿ ಮೀನು ತರುವ ಮೊದಲೇ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯುವಂತೆ ಫಿಲ್ಟರನ್ನು ನಾಲ್ಕರಿಂದ ಆರು ವಾರ ಓಡಿಸಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿರಬೇಕು.

ಪಿಎಚ್ ಇಳಿಸಲು ನಿಂಬೆರಸವೋ ಆಸಿಡ್ಡೋ ಹಾಕಿದರೆ ಗಡಸು ನೀರು ಒಂದೆರಡು ದಿನದಲ್ಲಿ ಮತ್ತೆ ಮೇಲೇರಿಸುತ್ತದೆ. ಆ ಏರಿಳಿತವೇ ಮೀನಿಗೆ ಹೆಚ್ಚು ಕೆಟ್ಟದ್ದು. ಸರಿಯಾದ ದಾರಿ ಆರ್‌ಒ ನೀರು ಬೆರೆಸುವುದು. ವಾರಕ್ಕೆ ಶೇ 30 ಬದಲಿಸಿದರೆ 290 ಲೀಟರ್, ಅದರಲ್ಲಿ ಅರ್ಧ ಆರ್‌ಒ ಎಂದರೆ 20 ಲೀಟರಿನ ಏಳು ಕ್ಯಾನ್. ಅಂದಕ್ಕೆಂದು ಫರಸಿ ಚೂರು, ಅಮೃತಶಿಲೆ, ಕಪ್ಪೆಚಿಪ್ಪು ಇಡುವುದು ಬೇಡ, ಅವು ಕರಗಿ ಗಡಸು ಹೆಚ್ಚಿಸುತ್ತವೆ. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು, ಅದಕ್ಕೆ ಸೋಡಿಯಂ ಥಯೋಸಲ್ಫೇಟ್ ಸಾಕು.

ಏಪ್ರಿಲ್–ಮೇ ತಿಂಗಳು ನಿಜವಾದ ಪರೀಕ್ಷೆ. 25 ಡಿಗ್ರಿ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32 ಡಿಗ್ರಿಯದ್ದು 7.3 ಮಾತ್ರ, ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರಿರುತ್ತದೆ. ಕರೆಂಟು ಹೋಗಿ ಪಂಪು ನಿಂತರೆ ಫಿಲ್ಟರಿನ ಬ್ಯಾಕ್ಟೀರಿಯಾವೂ ಉಸಿರುಗಟ್ಟುತ್ತದೆ. ಏರ್ ಪಂಪನ್ನಾದರೂ ಇನ್ವರ್ಟರಿಗೆ ಜೋಡಿಸಬೇಕು, ಮಧ್ಯಾಹ್ನ ಊಟ ಹಾಕಬಾರದು.

ಮೀನು ದೊಡ್ಡದಾಗಿ ಕೈಮೀರಿದಾಗ ಹೊಳೆಗೋ ಕೆರೆಗೋ ಬಿಟ್ಟುಬಿಡೋಣ ಎನ್ನುವ ಯೋಚನೆಯೇ ಎಲ್ಲಕ್ಕಿಂತ ಅಪಾಯದ್ದು. ಸಿಂಗಪುರದ ಅಪ್ಪರ್ ಸೆಲೆಟಾರ್ ಜಲಾಶಯದಲ್ಲಿ ಇದೇ ಮೊಟೊರೊ ನೆಲೆಯೂರಿ ಮರಿ ಹಾಕಿದ್ದು ದಾಖಲಾಗಿದೆ. ಪರಾನಾ ನದಿಯಲ್ಲಿ ಗ್ವಾಯಿರಾ ಜಲಪಾತ ಮೇಲ್ಭಾಗಕ್ಕೆ ತೊರಕೆ ಹತ್ತದಂತೆ ತಡೆದಿತ್ತು. 1982ರಲ್ಲಿ ಇಟೈಪು ಅಣೆಕಟ್ಟಿನ ನೀರಲ್ಲಿ ಜಲಪಾತವೇ ಮುಳುಗಿತು, ತೊರಕೆಗಳು ಮೇಲಕ್ಕೆ ಹರಡಿ ಸ್ನಾನಕ್ಕಿಳಿದವರ, ಮೀನುಗಾರರ ಕಾಲಿಗೆ ಮುಳ್ಳು ಚುಚ್ಚತೊಡಗಿದವು. ಅಣೆಕಟ್ಟು ತೊರಕೆಯನ್ನು ಯಾವಾಗಲೂ ತಡೆಯುತ್ತದೆ ಎನ್ನುವಂತಿಲ್ಲ, ಹಿನ್ನೀರು ಅದಕ್ಕೆ ಹಿಡಿಸುತ್ತದೆ. ನಮ್ಮ ಚಳಿಯೂ ಕಾಯುವುದಿಲ್ಲ. ಅರ್ಜೆಂಟೀನಾದ ಚಳಿಗಾಲ ತಾಳುವ ಮೀನು ಕಲಬುರಗಿಯ ಜನವರಿಗೆ ಹೆದರೀತೇ? ಮೊಟ್ಟೆಯಿಡದೆ, ಗರ್ಭದಲ್ಲೇ ಹಾಲಿನಂಥ ರಸ ಉಣಿಸಿ ಬೆಳೆಸಿದ ಮರಿಗಳನ್ನು ಆರು ತಿಂಗಳೊಳಗೆ ಹಡೆಯುತ್ತದೆ. ಹುಟ್ಟಿದ ಮರಿಗೂ ಮುಳ್ಳಿರುತ್ತದೆ. ಗಾಣಗಾಪುರದ ಸಂಗಮದಲ್ಲಿ ಬರಿಗಾಲಲ್ಲಿ ಮೀಯುವ ಭಕ್ತರನ್ನು ನೆನೆದರೆ ಸಾಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲಿ ನಿಷೇಧಿಸಿದ ಮೇಲೂ ಅದನ್ನು ನೀರಿನಿಂದ ಹೊರಹಾಕಲಾಗಿಲ್ಲ.

ಕಾನೂನೂ ಬಿಗಿಯಾಗುತ್ತಿದೆ. ಬ್ರೆಜಿಲ್ ತನ್ನ ನದಿ ತೊರಕೆಗಳನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೂರನೇ ಪಟ್ಟಿಗೆ 2017ರಲ್ಲಿ ಸೇರಿಸಿತು. 2022ರ ಪನಾಮಾ ಸಮಾವೇಶದಲ್ಲಿ ಕಪ್ಪು ಮೈಯ ಲಿಯೊಪೊಲ್ಡಿ ಸೇರಿ ಏಳು ಜಾತಿಗಳು ಎರಡನೇ ಪಟ್ಟಿಗೆ ಹೋದವು. ಪಟ್ಟಿಯಲ್ಲಿರುವ ಪ್ರಾಣಿ ಮನೆಯಲ್ಲಿದ್ದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕೊಳ್ಳುವಾಗಲೇ ಜಾತಿಯ ಹೆಸರು ಬರೆದ ರಸೀದಿ ಕೇಳಿ ಇಟ್ಟುಕೊಳ್ಳಿ.

ಮುಳ್ಳು ಇರುವುದು ಬಾಲದ ಮೇಲೆ, ಎರಡೂ ಅಂಚಿಗೆ ಹಿಮ್ಮುಖ ಹಲ್ಲು, ಮೇಲೆ ವಿಷದ ಕೋಶಗಳಿರುವ ಪೊರೆ. ತೊಟ್ಟಿ ತೊಳೆಯುವಾಗ ಮೀನು ಎಲ್ಲಿ ಹುದುಗಿದೆ ಎಂದು ನೋಡದೆ ಕೈ ಹಾಕಬಾರದು. ಬಲೆಯಿಂದಲೂ ಹಿಡಿಯಬಾರದು, ಮುಳ್ಳು ದಾರಕ್ಕೆ ಸಿಕ್ಕಿ ಮೀನಿಗೂ ಪೆಟ್ಟಾಗುತ್ತದೆ. ಅಗಲ ಪ್ಲಾಸ್ಟಿಕ್ ಟಬ್ಬನ್ನು ನೀರಲ್ಲೇ ಮುಳುಗಿಸಿ ಅದರೊಳಗೆ ಓಡಿಸಬೇಕು. ಚುಚ್ಚಿದರೆ ಕೈಯನ್ನಾಗಲಿ ಕಾಲನ್ನಾಗಲಿ ತಾಳುವಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ, ನೋವು ಇಳಿಯುತ್ತದೆ. ನೋವಿನ ಭಾಗ ಮರಗಟ್ಟಿದ್ದರೆ ಬಿಸಿ ತಿಳಿಯದೆ ಸುಡಬಹುದು, ನೀರನ್ನು ಇನ್ನೊಬ್ಬರು ಮುಟ್ಟಿ ನೋಡಲಿ. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ ಮುಳ್ಳನ್ನು ಮನೆಯಲ್ಲಿ ಕೀಳಬಾರದು. ನದಿ ತೊರಕೆಯ ಗಾಯದ ಸುತ್ತ ಮಾಂಸ ಕೊಳೆಯುವುದುಂಟು; ಆಸ್ಪತ್ರೆಯಲ್ಲಿ ಮುಳ್ಳಿನ ಚೂರು ಉಳಿದಿದೆಯೇ ಎಂದು ಎಕ್ಸ್‌ರೇ ಮಾಡಿಸಿ, ಟಿಟಿ ಹಾಕಿಸಿ, ಯಾವ ಮೀನು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.