ಗ್ರಾಫ್ ಡೇಟಾವನ್ನು ನಾಲ್ಕು ಸರ್ವರ್‌ಗೆ ಹಂಚುವುದು ಹೇಗೆ?

ಪ್ರಶ್ನೆ: ನಮ್ಮದು ಗಂಗಾವತಿ. ಅಕ್ಕಿ ಮಿಲ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ರೈತ, ಅಡತಿ ಅಂಗಡಿ, ಮಿಲ್, ಅಕ್ಕಿ ಚೀಲ ಎಲ್ಲವೂ ಒಂದು ಗ್ರಾಫ್ ಡೇಟಾಬೇಸ್‌ನಲ್ಲಿವೆ (ಯಾವುದಕ್ಕೆ ಯಾವುದರ ನಂಟು ಅಂತ ಜೋಡಿಸಿಡುವ ಡೇಟಾಬೇಸ್). ಈಗ ಒಂದು ಸರ್ವರ್ ಸಾಲುತ್ತಿಲ್ಲ. ಐಡಿ ನೋಡಿ ನಾಲ್ಕಕ್ಕೆ ಸಮನಾಗಿ ಹಂಚಿದರೆ ಸಾಕಲ್ವಾ?

ಉತ್ತರ: ಹಂಚಬಹುದು. ನೋಡ್‌ಗಳೂ, ಅಂದರೆ ಒಬ್ಬೊಬ್ಬ ರೈತ, ಒಂದೊಂದು ಅಂಗಡಿ, ಮಿಲ್, ಚೀಲ, ಸಮನಾಗಿ ಬೀಳುತ್ತವೆ. ತೊಂದರೆ ಶುರುವಾಗುವುದು ಹುಡುಕುವಾಗ.

ಐಡಿಯನ್ನು ಹ್ಯಾಶ್ ಮಾಡಿ (ಒಂದು ಸೂತ್ರಕ್ಕೆ ಹಾಕಿ, ಬಂದ ಸಂಖ್ಯೆ ನೋಡಿ) ಹಂಚಿದರೆ ಯಾರಿಗೆ ಯಾರ ನಂಟು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಸರ್ವರ್ ಇದ್ದರೆ ಸರಾಸರಿ 100 ಕೊಂಡಿಗಳಲ್ಲಿ (ಎರಡು ನೋಡ್‌ಗಳ ನಡುವಿನ ನಂಟು) 75 ಬೇರೆ ಸರ್ವರ್‌ಗೆ ದಾಟುತ್ತವೆ. ಹತ್ತು ಸರ್ವರ್ ಆದರೆ 90. ‘ಈ ಚೀಲದ ಅಕ್ಕಿ ಯಾವ ರೈತನ ಭತ್ತ?’ ಅಂತ ಕೇಳಿದಿರಿ ಅನ್ನಿ. ಚೀಲದಿಂದ ಮಿಲ್, ಮಿಲ್‌ನಿಂದ ಅಡತಿ ಅಂಗಡಿ, ಅಲ್ಲಿಂದ ರೈತ. ಮೂರೇ ಹೆಜ್ಜೆ. ಆದರೆ ಅದು ಒಂದೇ ಸರ್ವರ್‌ನಲ್ಲಿ ಮುಗಿಯುವ ಅವಕಾಶ 64ರಲ್ಲಿ ಒಂದು! ಉಳಿದದ್ದೆಲ್ಲ ನೆಟ್‌ವರ್ಕ್ ಮೇಲೆ ಓಡಾಟ.

ನಾನಾದರೆ ಮೊದಲು ತಾಲ್ಲೂಕು ನೋಡಿ ಹಂಚುತ್ತೇನೆ: ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ. ದೂರದ ಊರಿಗಿಂತ ಹತ್ತಿರದ ಗಂಜ್‌ಗೆ ಭತ್ತ ಒಯ್ಯುವವರೇ ಜಾಸ್ತಿ ಇದ್ದರೆ ಕೊಂಡಿಗಳೂ ಅಲ್ಲಲ್ಲೇ ಉಳಿಯುತ್ತವೆ. ನಾಲ್ಕೂ ಸರ್ವರ್‌ಗೆ ಭಾರ ಸಮ ಇರುವುದಿಲ್ಲ, ಅದೊಂದು ಗಮನಿಸಿ.

ಕೊಂಡಿಗಳು ಆದಷ್ಟು ಕಡಿಮೆ ದಾಟುವಂತೆ ಲೆಕ್ಕ ಹಾಕಿ ಹಂಚುವ ಸಾಫ್ಟ್‌ವೇರ್ ಮೆಟಿಸ್. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ತಯಾರಾದದ್ದು. ನಂಟಿರುವ ನೋಡ್‌ಗಳನ್ನು ಒಂದಾಗಿಸುತ್ತಾ ಗ್ರಾಫನ್ನು ಕುಗ್ಗಿಸುತ್ತದೆ, ಕುಗ್ಗಿದ್ದನ್ನು ಕತ್ತರಿಸುತ್ತದೆ, ಆಮೇಲೆ ಬಿಡಿಸುತ್ತಾ ಗಡಿ ತಿದ್ದುತ್ತದೆ. ಹಂಚಿಕೆ ಚೆನ್ನಾಗಿರುತ್ತದೆ. ಆದರೆ ಸುಗ್ಗಿಯಲ್ಲಿ ದಿನಾ ಹೊಸ ಬಿಲ್ ಬೀಳುವಾಗ ಅದನ್ನು ಮತ್ತೆ ಮತ್ತೆ ಓಡಿಸಬೇಕಾಗುತ್ತದೆ.

ನಿಜವಾದ ತಲೆನೋವು ದೊಡ್ಡ ಅಡತಿ ಅಂಗಡಿ. ಸಾವಿರಾರು ರೈತರ ಕೊಂಡಿ ಅದೊಂದಕ್ಕೇ. ಅದನ್ನು ಎಲ್ಲಿಟ್ಟರೂ ಅಲ್ಲೇ ನೂಕುನುಗ್ಗಲು. ಅಂಥ ನೋಡನ್ನೇ ಸೀಳಬೇಕು. ಅಂಗಡಿಯ ನಕಲು ನಾಲ್ಕೂ ಸರ್ವರ್‌ನಲ್ಲಿ, ರೈತರ ಕೊಂಡಿಗಳು ಮಾತ್ರ ಹಂಚಿಕೊಂಡು. ದೊಡ್ಡ ಗ್ರಾಫ್‌ಗಳ ಲೆಕ್ಕ ಮಾಡುವ 2012ರ ಸಾಫ್ಟ್‌ವೇರ್ ಪವರ್‌ಗ್ರಾಫ್ ಹಿಡಿದ ದಾರಿ ಇದೇ. ಒಂದು ಖಾತೆ ಪುಸ್ತಕವನ್ನು ನಾಲ್ಕು ಮಾಡಿದ ಹಾಗೆ ಅನ್ನಿ: ಮಾಲೀಕರ ಫೋನ್ ನಂಬರ್ ಬದಲಾದರೆ ನಾಲ್ಕರಲ್ಲೂ ತಿದ್ದಬೇಕು. ಹಾಗಾಗಿ ಎಲ್ಲವನ್ನೂ ಸುಮ್ನೆ ಸೀಳಬೇಡಿ, ದೊಡ್ಡ ಕುಳಗಳನ್ನು ಮಾತ್ರ.

ಅಂದಹಾಗೆ, ಡೇಟಾ ಎಷ್ಟಿದೆ ಅಂತ ನೀವು ಬರೆದೇ ಇಲ್ಲ. 100 ಜಿಬಿ ಒಳಗಿದ್ದರೆ ಈ ಉಸಾಬರಿಯೇ ಬೇಡ. ಇರುವ ಸರ್ವರ್‌ಗೇ ಇನ್ನಷ್ಟು ರ್‍ಯಾಮ್ ಹಾಕಿಸಿ ನೋಡಿ.