ಸಿಬಿಡಿ ಎಣ್ಣೆಯಿಂದ ಕುಡಿತದ ತುಡಿತ ತಗ್ಗುತ್ತದೆಯೇ?

ಪ್ರಶ್ನೆ: ನಮ್ಮಣ್ಣ ಕುಡಿತ ಬಿಟ್ಟು ಎರಡು ತಿಂಗಳಾಯಿತು. ಆದರೂ ಬಾರ್ ಎದುರಿಗೆ ಬಂದರೆ ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾನೆ. ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆ ಕೊಟ್ಟರೆ ಈ ಆಸೆ ಹೋಗುತ್ತದಂತೆ. ತರಿಸಬಹುದೇ?

ಉತ್ತರ: ಸದ್ಯಕ್ಕೆ ತರಿಸಬೇಡಿ. ಆದರೆ ನಿಮ್ಮ ಕಿವಿಗೆ ಬಿದ್ದದ್ದು ಬರೀ ಗಾಳಿಮಾತಲ್ಲ. ಜರ್ಮನಿಯ ಮ್ಯಾನ್‌ಹೈಮ್‌ನ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಕುಡಿತದ ಚಟವಿದ್ದ 28 ಮಂದಿಯಲ್ಲಿ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದ್ದಾರೆ. ಕೆಲವರಿಗೆ 800 ಮಿಲಿಗ್ರಾಂ ಸಿಬಿಡಿ (ಕ್ಯಾನಬಿಡಿಯಾಲ್, ಗಾಂಜಾ ಗಿಡದಲ್ಲಿರುವ ಒಂದು ರಾಸಾಯನಿಕ), ಉಳಿದವರಿಗೆ ಹುಸಿ ಔಷಧ. ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟವರಿಗೂ ತಿಳಿದಿರಲಿಲ್ಲ, ತೆಗೆದುಕೊಂಡವರಿಗೂ ತಿಳಿದಿರಲಿಲ್ಲ. ಆಮೇಲೆ ಅವರನ್ನು ಒತ್ತಡಕ್ಕೆ ಒಡ್ಡಿ, ಮದ್ಯ ಕಣ್ಣಿಗೆ ಬೀಳುವಂತೆ ಮಾಡಿ, ಮಿದುಳಿನ ಸ್ಕ್ಯಾನ್ ತೆಗೆದರು.

ಅವರು ಗಮನಿಸಿದ್ದು ಮಿದುಳಿನ ಆಳದಲ್ಲಿರುವ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಪುಟ್ಟ ಭಾಗವನ್ನು. ಯಾವುದರಿಂದ ಸುಖ ಸಿಗುತ್ತದೆ ಎಂದು ಕಲಿತು ನೆನಪಿಡುವುದರಲ್ಲಿ ಅದರ ಪಾತ್ರ ದೊಡ್ಡದು. ವರ್ಷಗಟ್ಟಲೆ ಕುಡಿದವರಲ್ಲಿ ಬಾಟಲಿಯ ಮುಚ್ಚಳ ತೆರೆಯುವ ಸದ್ದು, ಲೋಟದ ಅಂಚಿನ ನೊರೆ ಇಷ್ಟೇ ಸಾಕು. ಒಂದು ಹನಿ ನಾಲಿಗೆಗೆ ತಾಗುವ ಮೊದಲೇ ಅದು ಕೆರಳುತ್ತದೆ. ನಿಮ್ಮಣ್ಣನವರ ಬಾಯಿ ಒಣಗುವುದಕ್ಕೂ ಮೂಲ ಇಂಥ ಕಲಿಕೆಯೇ. ಅವರಿಗೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂದಷ್ಟೇ ಹೇಳುವುದು ನನಗೆ ಅನ್ಯಾಯವೆನಿಸುತ್ತದೆ. ಸಿಬಿಡಿ ಪಡೆದವರಲ್ಲಿ ಈ ಕೆರಳುವಿಕೆ ಕಡಿಮೆಯಿತ್ತು, ಕುಡಿಯಬೇಕೆಂಬ ತುಡಿತವೂ ತಗ್ಗಿತ್ತು. ರಕ್ತದಲ್ಲಿ ಸಿಬಿಡಿ ಹೆಚ್ಚಿದ್ದಷ್ಟೂ ತುಡಿತ ಕಡಿಮೆ.

ಹಾಗಾದರೆ ಬೇಡವೇಕೆ? ಅದು ಒಂದೇ ಡೋಸಿನ ಪರೀಕ್ಷೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಕುಡಿತ ನಿಲ್ಲುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 800 ಮಿಲಿಗ್ರಾಂ ಎಂಬುದು ನಾಲ್ಕಾರು ಹನಿ ಎಣ್ಣೆಯಲ್ಲಿ ಸಿಗುವ ಪ್ರಮಾಣವೂ ಅಲ್ಲ. ಮೇಲಾಗಿ ದೊಡ್ಡ ಪ್ರಮಾಣದ ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ಏರಿಸಬಲ್ಲದು. ಮದ್ಯದಿಂದ ಮೊದಲೇ ದಣಿದ ಯಕೃತ್ತಿಗೆ ಅದು ಇನ್ನೊಂದು ಹೊರೆ.

ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಕುಡಿತ ಬಿಟ್ಟವರು ಮತ್ತೆ ಜಾರದಂತೆ ತಡೆಯಲು ಅಕಾಂಪ್ರೊಸೇಟ್ ದಶಕಗಳಿಂದ ಬಳಕೆಯಲ್ಲಿವೆ. ಮನೋವೈದ್ಯರು ಬರೆದುಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಅಣ್ಣನವರು ಟ್ರಮಡಾಲ್‌ನಂಥ ಅಫೀಮು ಗುಂಪಿನ ನೋವಿನ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅದರ ಜೊತೆ ನಾಲ್ಟ್ರೆಕ್ಸೋನ್ ಕೂಡದು. ವೈದ್ಯರನ್ನು ಕಾಣುವವರೆಗೆ ಆ ಬಾರ್ ಎದುರಾಗದ ಬೇರೆ ದಾರಿ ಹುಡುಕಿ, ಸಂಜೆ ಸಾಧ್ಯವಾದರೆ ಅವರ ಜೊತೆ ನೀವೂ ನಡೆದು ಬನ್ನಿ.