ಭಾರವಿದ್ದರೆ ಮಾತ್ರ ಹಿಡಿತ

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಾಗಿ ಮರಸು ಕೂರುವ ಬೇಟೆಗಾರರು ಬೆನ್ನಿಗೆ ಹೊತ್ತು ಕಾಡಿಗೆ ಒಯ್ಯುವ ಸಾಧನ ‘ಕ್ಲೈಂಬಿಂಗ್ ಟ್ರೀ ಸ್ಟ್ಯಾಂಡ್’. ಏಣಿ ಬೇಡ, ಮೊಳೆಯೂ ಬೇಡ. ಲೋಹದ ಎರಡು ಚೌಕಟ್ಟು, ಒಂದೊಂದಕ್ಕೂ ಮರವನ್ನು ಬಳಸಿ ಬರುವ ಒಂದು ಕೇಬಲ್. ಮೇಲಿನದು ಕೂರಲು, ಕೆಳಗಿನದು ಪಾದ ಊರಲು. ನಮ್ಮ ತೋಟಗಳಲ್ಲಿ ತೆಂಗಿನಮರ ಹತ್ತುವ ಯಂತ್ರ ನೋಡಿದವರಿಗೆ ಇದರ ತತ್ವ ಹೊಸದೇನಲ್ಲ.

ಚೌಕಟ್ಟಿನ ಹೊರತುದಿಯ ಮೇಲೆ ಭಾರ ಬಿದ್ದಾಗ ಅದು ಕೆಳಕ್ಕೆ ವಾಲಲು ನೋಡುತ್ತದೆ. ಆಗ ಮರದ ಆಚೆ ಬದಿಯ ಕೇಬಲ್ ಬಿಗಿಯುತ್ತದೆ, ಈಚೆ ಬದಿಯ ಹಲ್ಲುಪಟ್ಟಿ ತೊಗಟೆಯನ್ನು ಕಚ್ಚುತ್ತದೆ. ಭಾರ ತೆಗೆದರೆ ಹಿಡಿತವೂ ಹೋಯಿತು. ಮರ ಹತ್ತಲು ಸಾಧ್ಯವಾಗುವುದು ಇದರಿಂದಲೇ. ಅಪಾಯ ಇರುವುದೂ ಇದರಲ್ಲೇ.

ಹತ್ತುವಾಗ ಮೇಲಿನ ಚೌಕಟ್ಟಿನಲ್ಲಿ ಕೂತು, ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ ಕೆಳಗಿನದನ್ನು ಎಳೆದುಕೊಳ್ಳಬೇಕು. ಅದು ಮರವನ್ನು ಕಚ್ಚಿದ್ದು ಖಾತ್ರಿಯಾದ ಮೇಲೆ ಎದ್ದು ನಿಂತು ಮೇಲಿನದನ್ನು ಎತ್ತಬೇಕು. ಒಂದು ಸಲಕ್ಕೆ 20–30 ಸೆಂ.ಮೀ. ಸಾಕು. ಕೂತಾಗ ಕೆಳಗಿನ ಚೌಕಟ್ಟಿನ ಮೇಲೆ ಭಾರವೇ ಇರುವುದಿಲ್ಲ. ಆ ಗಳಿಗೆಯಲ್ಲಿ ಪಾದ ಪಟ್ಟಿಯಿಂದ ಜಾರಿತೋ, ಚೌಕಟ್ಟು ಸರ್‍ರನೆ ಬುಡಕ್ಕಿಳಿಯುತ್ತದೆ, ಬೇಟೆಗಾರ ಮೇಲೆ ಕಾಲಿಗೆ ಆಸರೆಯಿಲ್ಲದೆ ಉಳಿಯುತ್ತಾನೆ. ಎರಡೂ ಚೌಕಟ್ಟುಗಳನ್ನು ಜೋಡಿಸುವ ಹಗ್ಗ ಇರುವುದು ಇದಕ್ಕೇ. ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿಡುವವರಿದ್ದಾರೆ; ಬುದ್ಧಿವಂತರ ಕೆಲಸವಲ್ಲ.

ಮರ ನೆಟ್ಟಗಿರಬೇಕು, ಜೀವಂತವಾಗಿರಬೇಕು, ಕೂರುವ ಎತ್ತರದವರೆಗೆ ಕೊಂಬೆ ಇರಬಾರದು. ವ್ಯಾಸ ಸಾಮಾನ್ಯವಾಗಿ 20ರಿಂದ 50 ಸೆಂ.ಮೀ. ಒಳಗೆ. ಶ್ಯಾಗ್‌ಬಾರ್ಕ್ ಹಿಕರಿ ಮರದ ತೊಗಟೆ ಸೀಳುಸೀಳಾಗಿ ಎದ್ದಿರುತ್ತದೆ, ಹಲ್ಲು ಕಚ್ಚಿದರೂ ಕಿತ್ತುಬರುತ್ತದೆ. ಬೀಚ್ ಮರದ್ದು ನುಣುಪು, ಒದ್ದೆಯಾದರೆ ಮುಗಿಯಿತು. ಆಶ್ ಮರವಾದರೆ ತಲೆಯೆತ್ತಿ ನೋಡಲೇಬೇಕು: 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ದುಂಬಿಯಿಂದ ಸತ್ತು ನಿಂತಿರುವ ಆಶ್ ಮರಗಳು ಅಲ್ಲಿ ಲೆಕ್ಕವಿಲ್ಲದಷ್ಟು.

ಕಾಂಡ ಮೇಲೆ ಹೋದಂತೆ ಸಪೂರವಾಗುತ್ತದೆ, ಕೇಬಲ್ಲಿನ ಉದ್ದ ಮಾತ್ರ ಅಷ್ಟೇ. ಹಾಗಾಗಿ ಬುಡದಲ್ಲೇ ಚೌಕಟ್ಟಿನ ಹೊರತುದಿಯನ್ನು ತುಸು ಮೇಲಕ್ಕೆ ಓರೆಯಾಗಿಟ್ಟು ಹೊರಟರೆ ಮೇಲೆ ಹೋಗುವಷ್ಟರಲ್ಲಿ ಸಮಕ್ಕೆ ಬರುತ್ತದೆ. ಕೆಳಗೆ ಸಮವಾಗಿಟ್ಟರೆ ಮೇಲೆ ಮುಂದಕ್ಕೆ ಇಳಿಜಾರು. ಅಲ್ಲಿ ಕೇಬಲ್ಲನ್ನು ಹಿಡಿದಿರುವ ಪಿನ್ನು ಕಿತ್ತು ಸರಿಪಡಿಸಲು ಹೋಗದೆ ಕೆಳಗಿಳಿದು ಮತ್ತೆ ಹತ್ತುವುದೇ ಸರಿ.

6 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು 1.1 ಸೆಕೆಂಡ್, ಆಗಿನ ವೇಗ ಗಂಟೆಗೆ ಸುಮಾರು 39 ಕಿ.ಮೀ. ಆದ್ದರಿಂದ ಇಡೀ ಮೈಗೆ ತೊಡುವ ರಕ್ಷಣಾ ಪಟ್ಟಿಗಳ ಜೋಡಣೆ, ಅಂದರೆ ಹಾರ್ನೆಸ್, ನೆಲದಲ್ಲೇ ಮರಕ್ಕೆ ಸೇರಬೇಕು, ಮತ್ತೆ ನೆಲಕ್ಕಿಳಿದ ಮೇಲೆಯೇ ಬಿಚ್ಚಬೇಕು. ಬರೀ ಸೊಂಟಪಟ್ಟಿ ಸಾಲದು. ಜೋತುಬಿದ್ದಾಗ ಅದು ಎದೆಗೇರಿ ಉಸಿರು ಕಟ್ಟಿಸುತ್ತದೆ. ಹಾರ್ನೆಸ್ಸನ್ನು ಮರಕ್ಕೆ ಸೇರಿಸುವ ಪಟ್ಟಿಯನ್ನು ಪ್ರತಿ ಹೆಜ್ಜೆಗೂ ಮೇಲಕ್ಕೆ ಸರಿಸುತ್ತ ಹೋಗಿ, ಕೂತಾಗ ಸಡಿಲು ಉಳಿಯದಂತೆ ತಲೆಯ ಮೇಲೆ ಕಟ್ಟಬೇಕು. 60 ಸೆಂ.ಮೀ. ಸಡಿಲಿದ್ದರೂ ಪಟ್ಟಿ ಜಗ್ಗುವ ಹೊತ್ತಿಗೆ ವೇಗ ಗಂಟೆಗೆ 12 ಕಿ.ಮೀ. ಆಗಿರುತ್ತದೆ.

ಹಾರ್ನೆಸ್ ಹಿಡಿದುಕೊಂಡರೂ ಕತೆ ಮುಗಿಯಲಿಲ್ಲ. ಅಲುಗಾಡದೆ ನೇತಾಡಿದರೆ ತೊಡೆಪಟ್ಟಿಗಳ ಒತ್ತಡದಲ್ಲಿ ರಕ್ತ ಕಾಲುಗಳಲ್ಲೇ ನಿಂತು, ಹೃದಯಕ್ಕೆ ಮರಳುವುದು ಕಡಿಮೆಯಾಗಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಕುತ್ತು. ಇದಕ್ಕೆಂದೇ ಕಾಲಿಟ್ಟು ನಿಲ್ಲುವ ಕುಣಿಕೆಪಟ್ಟಿಯೊಂದು ಹಾರ್ನೆಸ್ ಜೊತೆ ಬರುತ್ತದೆ. ಅದೂ ಫೋನೂ ಕೈಗೆ ಸಿಗುವ ಜೇಬಿನಲ್ಲಿರಲಿ, ಬೆನ್ನಚೀಲದಲ್ಲಲ್ಲ.

ಬಂದೂಕನ್ನು ಹಿಡಿದುಕೊಂಡು ಹತ್ತುವಂತಿಲ್ಲ. ಗುಂಡು ತೆಗೆದು, ನಳಿಕೆ ನೆಲದತ್ತ ಇರುವಂತೆ ಕಟ್ಟಿ, ಮೇಲೆ ಕೂತ ಬಳಿಕ ಹಗ್ಗದಲ್ಲಿ ಎಳೆದುಕೊಳ್ಳುವುದು ಕ್ರಮ. ದಪ್ಪ ಕೋಟನ್ನೂ ಹಾಗೆಯೇ: ತೊಟ್ಟು ಹತ್ತಿದರೆ ಬೆವರುತ್ತದೆ, ಆ ಬೆವರೇ ಗಂಟೆಯೊಳಗೆ ಚಳಿ ಹುಟ್ಟಿಸುತ್ತದೆ, ಮರಗಟ್ಟಿದ ಕಾಲಲ್ಲಿ ಇಳಿಯಬೇಕಾಗುತ್ತದೆ.

ಹೊಸಬರು ಬೇಟೆಯ ಋತುವಿಗೆ ಮುಂಚೆಯೇ, ಪಕ್ಕದಲ್ಲೊಬ್ಬರನ್ನು ಇಟ್ಟುಕೊಂಡು, ಒಂದು ಮೀಟರ್ ಎತ್ತರದಲ್ಲಿ ಏಳುವುದು, ಕೂರುವುದು, ತಿರುಗುವುದು, ಕುಣಿಕೆಪಟ್ಟಿಯಲ್ಲಿ ನಿಲ್ಲುವುದು ಎಲ್ಲವನ್ನೂ ಮಾಡಿ ನೋಡಬೇಕು. ಹಗಲಲ್ಲಿ ರೂಢಿಯಾದ ಮೇಲೆ ಹೆಡ್‌ಲ್ಯಾಂಪ್ ಹಾಕಿಕೊಂಡು ಇನ್ನೊಮ್ಮೆ. ಏಕೆಂದರೆ ನಿಜವಾದ ಬೇಟೆಯಲ್ಲಿ ಹತ್ತುವುದು ನಸುಕಿಗೆ ಮುಂಚೆ, ಇಳಿಯುವುದು ಕತ್ತಲಾದ ಮೇಲೆ.